‘ಹೆಲೆನ್ ಮೇರ್’ ಮೇಲೆ ಶೇವಿ ಅಂದ ಮಾತು

ನನ್ನ ಗಂಡನನ್ನು ಬೆಂಜಮಿನ್ ಸ್ಲೇಟರ್ ಎಂದು ಪೂರ್ತಿ ಹೆಸರು ಹಿಡಿದು ಕರೆದವರು ನನಗೆ ತಿಳಿದಂತೆ ಇಬ್ಬರೇ. ನಮ್ಮ ಮದುವೆ ಮಾಡಿಸಿದವರು ಒಬ್ಬರು, ಇನ್ನೊಂದು ನೌಕಾಪಡೆ. ಸ್ಕಾಟ್ಲೆಂಡಿನ ಈ ದಂಡೆಯಲ್ಲಿ, ನಮ್ಮ ಪೋರ್ಟಾರ್ಡಿಯಲ್ಲಂತೂ, ಅರ್ಧ ಊರು ಸ್ಲೇಟರ್, ಉಳಿದರ್ಧ ಮೇರ್ ಮತ್ತು ಫ್ಲೆಟ್. ಬಂದರಿನಲ್ಲಿ ನಿಂತು ‘ಸ್ಲೇಟರ್’ ಎಂದು ಕೂಗಿದರೆ ಬೆಕ್ಕು ಕೂಡ ತಿರುಗಿ ನೋಡೀತು. ಅದಕ್ಕೇ ಮನೆಗೊಂದು ಅಡ್ಡಹೆಸರು. ನನ್ನ ಗಂಡನದು ಶೇವಿ. ಅವನ ಅಪ್ಪನೂ ಶೇವಿ, ತಾತನೂ ಶೇವಿ. ಅರ್ಥ ಕೇಳಬೇಡಿ, ಇಟ್ಟವರು ಹೇಳದೆ ಸತ್ತಿದ್ದಾರೆ.

ಶೇವಿ ಎತ್ತರದವನಲ್ಲ, ಮಾತುಗಾರನೂ ಅಲ್ಲ. ಮೀಸೆ ಮೂಡುವ ಮೊದಲೇ ಹೆರಿಂಗ್ ಮೀನಿನ ಹಡಗು ಹತ್ತಿದವನು. ನನ್ನನ್ನು ಮದುವೆಯಾಗುವ ಹೊತ್ತಿಗೆ ‘ಹೆಲೆನ್ ಮೇರ್’ ಎಂಬ ಹಬೆಹಡಗಿಗೆ ಮೇಟ್ ಆಗಿದ್ದ, ಅಂದರೆ ಹಡಗು ನಡೆಸುವ ಯಜಮಾನ, ಸ್ಕಿಪ್ಪರ್, ಬಿಟ್ಟರೆ ಅವನೇ. ಸ್ಕಿಪ್ಪರ್ ಎಬಿ ಮೇರ್ ಆ ಹಡಗಿಗೆ ತಮ್ಮ ತಾಯಿಯ ಹೆಸರಿಟ್ಟಿದ್ದರು. ಇಂಜಿನ್ ನೋಡಿಕೊಳ್ಳುತ್ತಿದ್ದವನು ಡಾಡ್ ಫ್ಲೆಟ್. ಡಾಡ್‌ನ ಹೆಂಡತಿ ಐಸಿ ನನ್ನ ಜೊತೆಗಾತಿ. ಹುಡುಗಿಯರಾಗಿದ್ದಾಗಿನಿಂದ ನಾವಿಬ್ಬರೂ ಒಂದೇ ತೊಟ್ಟಿಯ ಮುಂದೆ ನಿಂತು, ಬೆರಳಿಗೆ ಚಿಂದಿ ಸುತ್ತಿಕೊಂಡು ಹೆರಿಂಗ್ ಸೀಳಿದವರು. ಅವಳ ಚಾಕು ನನ್ನದಕ್ಕಿಂತ ಚುರುಕು, ನಾಲಿಗೆ ಚಾಕುವಿಗಿಂತ ಚುರುಕು.

ಕಡಲಿಗೆ ಹೋಗುವವರ ಮನೆಗಳಲ್ಲಿ ಕೆಲವು ಮಾತು ಆಡುವ ಹಾಗಿಲ್ಲ. ಪಾದ್ರಿ ಅನ್ನಬಾರದು, ‘ಕರಿಕೋಟಿನವರು’ ಅನ್ನಬೇಕು. ಸಾಲ್ಮನ್ ಅನ್ನಬಾರದು, ‘ಕೆಂಪುಮೀನು’ ಅನ್ನಬೇಕು. ಎಲ್ಲಕ್ಕಿಂತ ಕೆಟ್ಟದ್ದು ಒಂದು ಪ್ರಾಣಿಯ ಹೆಸರು. ಬರೆಯುವಾಗಲೂ ನನ್ನ ಎಡಗೈ ಮೇಜಿನ ಮೊಳೆ ಹುಡುಕುತ್ತಿದೆ. ಹಂದಿ. ಬರೆದೆ, ಆಯಿತು. ನಮ್ಮ ಹಡಗುಗಳ ಮೇಲೆ ಆ ಹೆಸರು ಬಾಯಿಂದ ಬಿದ್ದರೆ ಎಲ್ಲರೂ ‘ತಣ್ಣನೆ ಕಬ್ಬಿಣ’ ಎನ್ನುತ್ತಾ ಸಿಕ್ಕಿದ ಕಬ್ಬಿಣ ಮುಟ್ಟಬೇಕು, ಅಂದವನು ಇಡೀ ದಿನ ಬೈಗುಳ ತಿನ್ನಬೇಕು. ಆ ಪ್ರಾಣಿಯ ಸುದ್ದಿ ಎತ್ತಲೇಬೇಕಾದರೆ ‘ಸ್ಯಾಂಡಿ ಕ್ಯಾಂಬೆಲ್’ ಅನ್ನುತ್ತೇವೆ. ಹಾಗೊಬ್ಬ ನಿಜವಾದ ಮನುಷ್ಯ ಎಂದೋ ಇದ್ದನೋ, ಇದ್ದರೆ ಯಾರ ಕಾಲು ತುಳಿದಿದ್ದನೋ ನನಗೆ ಗೊತ್ತಿಲ್ಲ.

ಈ ವಿಷಯದಲ್ಲಿ ಶೇವಿಯಷ್ಟು ಕಟ್ಟುನಿಟ್ಟು ಊರಲ್ಲೇ ಇರಲಿಲ್ಲ. ಒಂದು ಬೆಳಿಗ್ಗೆ ಬೂಟು ಹಾಕಿಕೊಂಡು ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಒಲೆ ಮುಂದೆ ಕೂತ. ಕಟುಕನ ಹೆಂಡತಿ ಬೀದಿಯಲ್ಲಿ ಯಾರಿಗೋ ಆ ಮಾಂಸದ ಬೆಲೆ ಹೇಳುತ್ತಿದ್ದಳಂತೆ.

“ಅವಳು ನಿಂಗೆ ಹೇಳಿದ್ಲಾ?” ಎಂದೆ.

“ಕಿವಿಗೆ ಬಿತ್ತಲ್ಲ.”

“ಹಡಗು ಕಾಯ್ತಾ ಇದೆ ಕಣೋ, ಮೀನು ಕಾಯಲ್ಲ.”

“ಕಾಯ್ಲಿ. ಇನ್ನೊಂದು ಟೀ ಕೊಡು.”

ಸ್ಕಿಪ್ಪರ್ ಎಬಿ ಅವನಿಲ್ಲದೆ ಹಡಗು ಬಿಡಲಿಲ್ಲ. ಪ್ರಾರ್ಥನಾ ಮಂದಿರದ ಹಿರಿಯರಾದರೂ ಅವರು ಇದನ್ನು ಮೂಢನಂಬಿಕೆ ಎನ್ನುತ್ತಿರಲಿಲ್ಲ. ಜಾಗ್ರತೆ ಎನ್ನುತ್ತಿದ್ದರು.

ಯುದ್ಧ ಬಂತು. ನೌಕಾಪಡೆ ‘ಹೆಲೆನ್ ಮೇರ್’ಗೆ ಬೂದು ಬಣ್ಣ ಬಳಿದು, ಮೂತಿಯ ಮೇಲೆ ಒಂದು ಹಳೇ ಫಿರಂಗಿ ಕೂರಿಸಿ, ಮೈನು ತೆಗೆಯುವ ಹಡಗು ಎಂದು ಹೆಸರು ಬರೆದುಕೊಂಡಿತು. ಜನ ಅವರೇ. ನಮ್ಮ ಕೊಲ್ಲಿಯ ಬಾಯಲ್ಲಿ ಜರ್ಮನರು ರಾತ್ರಿ ಬಂದು ಮೈನು ಬಿಟ್ಟು ಹೋಗುತ್ತಿದ್ದರು. ಕೊಂಬು ಕೊಂಬಿನ ಗುಂಡು, ಹಡಗು ತಾಗಿದರೆ ಸಿಡಿಯುವಂಥದ್ದು, ಕಡಲ ತಳಕ್ಕೆ ಸರಪಳಿಯಲ್ಲಿ ಕಟ್ಟಿ ನೀರಿನಡಿ ನಿಲ್ಲಿಸಿದ್ದು. ಹಡಗಿನ ಹಿಂದೆ ಉದ್ದ ತಂತಿ ಎಳೆಯುತ್ತಾ ಹೋಗಿ ಆ ಸರಪಳಿ ಕತ್ತರಿಸಬೇಕು, ಮೈನು ಮೇಲೆ ತೇಲಿದಾಗ ಗುಂಡು ಹೊಡೆದು ಸಿಡಿಸಬೇಕು. ಇದಕ್ಕೆ ಗುಡಿಸುವುದು ಎಂದೇ ಹೆಸರು. ಬಲೆ ಎಳೆದವರಿಗೆ ತಂತಿ ಎಳೆಯುವುದು ಕಲಿಸಬೇಕಾಗಿರಲಿಲ್ಲ, ಸಿಕ್ಕಿದ್ದನ್ನು ಮನೆಗೆ ತರಬಾರದು ಎಂಬುದೊಂದನ್ನು ಬಿಟ್ಟು.

ತರಬೇತಿಯ ಮೊದಲ ದಿನವೇ ಎಡವಟ್ಟಾಯಿತು. ತಂತಿಯ ತುದಿಯನ್ನು ನೀರ ಮೇಲೆ ಹಿಡಿದಿಡಲು ಒಂದು ದೊಡ್ಡ ಲೋಹದ ತೇಲು ಕಟ್ಟುತ್ತಾರೆ. ದುಂಡು ಹೊಟ್ಟೆ, ಚೂಪು ಮೂತಿ, ಬಾಲದ ಹತ್ತಿರ ಒಂದು ಬಾವುಟ. ದಕ್ಷಿಣದಿಂದ ಬಂದ ತರಬೇತುದಾರ ಅದರ ಬೆನ್ನು ತಟ್ಟಿ, “ಇದನ್ನ ನಾವು ಹಂದಿ ಅಂತೀವಿ” ಎಂದ. ಡೆಕ್ಕಿನ ಮೇಲಿದ್ದವರೆಲ್ಲ ಒಟ್ಟಿಗೆ ಬಗ್ಗಿ ಕಂಬಿ ಹಿಡಿದರಂತೆ. ಹಡಗಿಗೆ ಏನೋ ಬಡಿಯಿತೆಂದು ಆ ಮನುಷ್ಯನೂ ಹೆದರಿ ಕಂಬಿ ಹಿಡಿದ. ಡಾಡ್ ಇದನ್ನು ನಮ್ಮ ಅಡುಗೆಮನೆಯಲ್ಲಿ ಅಭಿನಯಿಸಿ ತೋರಿಸಿದ. ಐಸಿ ನಕ್ಕು ನಕ್ಕು ಓಟ್ ರೊಟ್ಟಿ ಕಾವಲಿಯ ಮೇಲೆ ಕರಕಲು ಮಾಡಿದಳು. ಶೇವಿ ಮಾತ್ರ ನಗಲಿಲ್ಲ. ಅಂದಿನಿಂದ ನಮ್ಮ ಹಡಗಿನಲ್ಲಿ ಆ ತೇಲಿಗೆ ‘ಸ್ಯಾಂಡಿ’ ಎಂದು ಹೆಸರಾಯಿತು. ಸ್ಯಾಂಡಿನ ಇಳಿಸು, ಸ್ಯಾಂಡಿನ ಎತ್ತು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ತಂತಿ ಸುತ್ತುವ ವಿಂಚ್ ನಡೆಸಲು ನೌಕಾಪಡೆ ಹೊಸಬನೊಬ್ಬನನ್ನು ಕಳಿಸಿತು. ಗ್ಲಾಸ್ಗೊ ನಗರದಲ್ಲಿ ಟ್ರಾಮ್ ಓಡಿಸುತ್ತಿದ್ದವನು. ಚೀಲ ಕೆಳಗಿಟ್ಟು ಎಲ್ಲರ ಕೈ ಕುಲುಕಿ, “ನಾನು ಅಲೆಕ್ಸಾಂಡರ್ ಕ್ಯಾಂಬೆಲ್. ಸ್ಯಾಂಡಿ ಅಂತ ಕರೀರಿ” ಎಂದ.

ಯಾರೂ ಕರೆಯಲಿಲ್ಲ. ಅವನಿಗೆ ‘ಟ್ರಾಮಿ’ ಎಂದು ಹೆಸರಿಟ್ಟರು. ಅವನ ಕಿವಿ ಕೇಳಬೇಕಲ್ಲ. ಮೂವತ್ತೈದು ವರ್ಷ ಸ್ಯಾಂಡಿಯಾಗಿದ್ದವನು. ಒಮ್ಮೆ ತೇಲು ಕೊಂಡಿಯಿಂದ ಜಾರುತ್ತಿತ್ತು, “ಸ್ಯಾಂಡಿನ ಹಿಡೀರೋ” ಎಂದು ಯಾರೋ ಕೂಗಿದರು, ಅಡುಗೆಯವನು ಓಡಿ ಬಂದು ಕ್ಯಾಂಬೆಲ್‌ನನ್ನು ತಬ್ಬಿ ಹಿಡಿದ. ಆಮೇಲೆ ಅವನಿಗೆ ಒಂದು ಚಾಳಿ ಬಿತ್ತು. ಸ್ಯಾಂಡಿ ಎಂದು ಕಿವಿಗೆ ಬಿದ್ದಾಗಲೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ತಲೆ ಎತ್ತಿ, “ಯಾರು ಗುರು, ನಾನಾ ಅದಾ?” ಎಂದು ಕೇಳುವುದು. ಅದು ಹಡಗಿನ ತಮಾಷೆಯಾಯಿತು.

ಗಂಡಸರು ಹೀಗೆ ಕಡಲು ಗುಡಿಸುತ್ತಿದ್ದರೆ ನಾನೂ ಐಸಿಯೂ ಬಲೆ ಹೆಣೆಯುವ ಅಟ್ಟದಲ್ಲಿ ಅಕ್ಕಪಕ್ಕ ಕೂತು ಫಿರಂಗಿ ಮರೆಮಾಡುವ ಬಲೆ ಹೆಣೆಯುತ್ತಿದ್ದೆವು. ಕೆಲಸ ಮುಗಿಸಿ ಗುಡ್ಡದ ದಾರಿಯಲ್ಲಿ ಬರುವಾಗ ಸರಕು ಹಡಗುಗಳ ಸಾಲು ಕಾಣುತ್ತಿತ್ತು. ಗೋಧಿ, ಎಣ್ಣೆ, ಮರ ತುಂಬಿಕೊಂಡು ಒಂದರ ಹಿಂದೆ ಒಂದು, ನಮ್ಮವರು ಬೆಳಿಗ್ಗೆ ಚೊಕ್ಕ ಮಾಡಿಟ್ಟ ದಾರಿಯಲ್ಲೇ. ಒಂದು ಹಡಗಿಗೂ ಏನೂ ಆಗುತ್ತಿರಲಿಲ್ಲ. ಎದೆ ತುಂಬಿ ಬರುತ್ತಿತ್ತು. ಐಸಿ ಸೊಂಟದ ಮೇಲೆ ಕೈಯಿಟ್ಟು ನೋಡಿ ಹೇಳುತ್ತಿದ್ದಳು:

“ನೋಡೇ ಎಲ್ಸಿ. ಮನೇಲಿ ಒಂದಿನ ಪೊರಕೆ ಮುಟ್ಟಿದೋರಲ್ಲ. ಕಡಲು ಮಾತ್ರ ಕನ್ನಡಿ ಥರ ಇಟ್ಟಿದಾರೆ.”

ಒಂದು ಚಳಿಗಾಲ ಕಳೆದು ಇನ್ನೊಂದು ಅರ್ಧ ಕಳೆಯಿತು. ಫೆಬ್ರವರಿಯಲ್ಲಿ, ಗಾಳಿ ಬಿದ್ದ ಒಂದು ಮಧ್ಯಾಹ್ನ, ‘ಹೆಲೆನ್ ಮೇರ್’ ಹೋಯಿತು.

ಊರಿಗೆ ತಲುಪಿದ ಕಥೆ ಇಷ್ಟು. ಅಂದಿನ ಗುಡಿಸಾಟ ಮುಗಿದಿತ್ತು. ಹಡಗು ಮೆಲ್ಲಗೆ ಚಲಿಸುತ್ತಾ ತಂತಿ ಒಳಗೆಳೆದುಕೊಳ್ಳುತ್ತಿತ್ತು. ಕಡಲು ಶಾಂತ. ಸ್ಕಿಪ್ಪರ್ ಮುಂದೆ ಚುಕ್ಕಾಣಿ ಕೋಣೆಯಲ್ಲಿದ್ದರು, ಹಿಂಬದಿಯಲ್ಲಿ ಶೇವಿ ಮತ್ತು ವಿಂಚ್ ಹಿಡಿದ ಕ್ಯಾಂಬೆಲ್ ಇಬ್ಬರೇ. ಇದ್ದಕ್ಕಿದ್ದಂತೆ ಶೇವಿ ಆ ಮಾತು ಕೂಗಿದ್ದು ಇಡೀ ಹಡಗಿಗೆ ಕೇಳಿಸಿತು. ಅದರ ಹಿಂದೆಯೇ ಹಡಗಿನ ಹಿಂದೆ ಕಡಲು ಸಿಡಿಯಿತು. ಹಿಂಭಾಗದ ತಗಡುಗಳು ಬಿರಿದು ಇಂಜಿನ್ ಕೋಣೆಗೆ ನೀರು ನುಗ್ಗಿತು. ಒಂದು ಕೆಟಲ್ ಕುದಿಯುವಷ್ಟು ಹೊತ್ತು ತೇಲಿ, ಹಡಗು ಹಿಮ್ಮಡಿಯೂರಿ ಮುಳುಗಿತು. ಜೊತೆಯ ಹಡಗು ಬಂದು ಎಲ್ಲರನ್ನೂ ಎತ್ತಿಕೊಂಡಿತು, ಡಾಡ್ ಒಬ್ಬನನ್ನು ಬಿಟ್ಟು. ಅವನು ಕೆಳಗೆ ಇಂಜಿನ್ ಹತ್ತಿರ ಇದ್ದ. ಕಾಲು ಮುರಿದಿದ್ದ ಕ್ಯಾಂಬೆಲ್‌ನನ್ನು ಆಸ್ಪತ್ರೆಗೆ ಸಾಗಿಸಿದರು, ಅಲ್ಲಿಂದ ಎಲ್ಲಿಗೋ ಕಳಿಸಿದರು. ಊರು ಅವನನ್ನು ಮತ್ತೆ ನೋಡಲಿಲ್ಲ.

ಶೇವಿ ಯಾರದೋ ಪ್ಯಾಂಟು ಹಾಕಿಕೊಂಡು ಮನೆಗೆ ಬಂದ. ಕೂತ. ಹಡಗು ಹೋಯಿತು ಅನ್ನಲಿಲ್ಲ. ಡಾಡ್ ಹೋದ ಅನ್ನಲಿಲ್ಲ.

“ನಾನು ಅಂದ್ಬಿಟ್ಟೆ ಎಲ್ಸಿ” ಎಂದ.

ಆಮೇಲೆ ಒಂದೊಂದೇ ಮಾತಾಗಿ ಬಿಡಿಸಿದ. ತೇಲು ಹತ್ತಿರ ಬಂದಾಗ ಅದರ ಹೊಟ್ಟೆಯಡಿ ತಂತಿಗೆ ಸಿಕ್ಕಿಕೊಂಡ ಮೈನು ಕಂಡಿತು. ಇನ್ನೆರಡು ಸುತ್ತು ಎಳೆದಿದ್ದರೆ ಹಡಗಿನ ಹಿಂಭಾಗಕ್ಕೆ ಬಡಿಯುತ್ತಿತ್ತು, ಒಬ್ಬನೂ ಉಳಿಯುತ್ತಿರಲಿಲ್ಲ. ವಿಂಚಿನ ಬ್ರೇಕು ಬಿಟ್ಟು ತಂತಿ ವಾಪಸು ಹರಿಯಬಿಡಬೇಕು, ಅದೂ ಆ ಕ್ಷಣವೇ. ಸ್ಯಾಂಡಿನ ಬಿಡು ಎಂದರೆ ಕ್ಯಾಂಬೆಲ್ ತಲೆ ಎತ್ತಿ ತಮಾಷೆ ಮಾಡುತ್ತಾನೆ. ಅದಕ್ಕೇ ನಿಜವಾದ ಹೆಸರೇ ಬಾಯಿಗೆ ಬಂತು.

“ಮತ್ತೆ? ಸರಿಯಾಗೇ ಮಾಡ್ದೆ” ಎಂದೆ.

“ಅಂದೆ. ಹಡಗು ಹೋಯ್ತು” ಎಂದ.

ಇದನ್ನೇ ಅವನು ಸ್ಕಿಪ್ಪರಿಗೂ ಹೇಳಿದ್ದ. ನೀನು ನೋಡಿದೆ ಅಂದರೆ ನೋಡಿರ್ತೀಯ ಎಂದು ಅವರು ಭುಜ ತಟ್ಟಿದರು, ಮುಂದೆ ಏನೂ ಹೇಳಲಿಲ್ಲ. ಅವರು ಕೇಳಿದ್ದು ಮಾತು ಮತ್ತು ಸಿಡಿತ, ಅಷ್ಟೇ. ಊರವರು ಅದನ್ನು ಮಾತಿಗೇ ಮೈನು ಬಂತು ಎಂದು ಜೋಡಿಸಿಕೊಂಡರು. ಬೈಯಲಿಲ್ಲ, ಜಗಳವಾಡಲಿಲ್ಲ. ಬೈದಿದ್ದರೆ ನಾನು ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದೆ. ಅವನು ದಾಟಿ ಹೋಗುವಾಗ ಅವರ ಕೈ ಮೆಲ್ಲಗೆ ಕಂಬಿಯ ಕಡೆ ಹೋಗುವುದು, ಅಷ್ಟೇ. ಶೇವಿ ಎಂಬ ಹೆಸರೂ ಅವನಿಂದ ಕಳಚಿತು. ಬೆನ್ನ ಹಿಂದೆ ಅವನನ್ನು ‘ಅಂದೋನು’ ಎಂದು ಕರೆಯತೊಡಗಿದರು. ಮೂರು ತಲೆಮಾರಿನ ಹೆಸರು ಹೋದದ್ದಕ್ಕೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಹಿಟ್ಟಿನ ಅಂಗಡಿಯಲ್ಲಿ ಹಾಗೆ ಅಂದವಳ ಬುಟ್ಟಿ ಕಿತ್ತು ಬೀದಿಗೆಸೆದೆ.

ಐಸಿ ಅಟ್ಟದ ಆ ತುದಿಗೆ ಹೋಗಿ ಕೂತಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನಾನೂ ಹೋಗಿ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ನನ್ನ ಗಂಡ ಮನೆಯಲ್ಲಿ ಒಲೆ ಮುಂದೆ ಕೂತಿದ್ದ, ಅವಳ ಗಂಡ ಕಡಲ ತಳದಲ್ಲಿದ್ದ.

ಉಳಿದ ಯುದ್ಧವನ್ನು ಶೇವಿ ದಕ್ಷಿಣದಲ್ಲಿ, ಇಂಗ್ಲಿಷರ ಮಧ್ಯೆ, ಇನ್ನೊಂದು ಮೈನಿನ ಹಡಗಿನಲ್ಲಿ ಕಳೆದ. ಅಲ್ಲಿ ಆ ಹೆಸರನ್ನು ದಿನಕ್ಕೆ ನೂರು ಸಲ ಅನ್ನುತ್ತಿದ್ದರು, ಹಡಗು ಮುಳುಗಲಿಲ್ಲ. ಅದರಿಂದಲೂ ಅವನ ಮನಸ್ಸು ಸರಿಹೋಗಲಿಲ್ಲ. ಅವರಿಗೆ ಗೊತ್ತಿಲ್ಲದೆ ಅಂತಾರೆ, ನಾನು ಗೊತ್ತಿದ್ದೂ ಅಂದವನು ಎನ್ನುತ್ತಿದ್ದ.

ಯುದ್ಧ ಮುಗಿದು ಗಂಡಸರು ವಾಪಸಾದರು. ನೌಕಾಪಡೆ ಕೊಟ್ಟ ಪರಿಹಾರದಲ್ಲಿ ಎಬಿ ಹೊಸ ಹಡಗು ಕೊಂಡರು. ಮೇಟ್ ಬೇಕಾಗಿತ್ತು. ಶೇವಿಯನ್ನೇ ಕರೆಯುತ್ತೇನೆ ಎಂದದ್ದಕ್ಕೆ ಉಳಿದವರು, “ಅಂದೋನು ಹತ್ತಿದ್ರೆ ನಾವು ಇಳೀತೀವಿ” ಎಂದರು. ಎಬಿ ಮೇಟ್‌ನ ಜಾಗ ಯಾರಿಗೂ ಕೊಡಲಿಲ್ಲ, ಆದರೆ ಕರೆಯಲೂ ಇಲ್ಲ. ಬೇರೆ ಸ್ಕಿಪ್ಪರುಗಳು ಕೇಳುವ ಮೊದಲೇ ತಲೆಯಾಡಿಸಿದರು. ಶೇವಿ ರಸ್ತೆಗೆ ಜಲ್ಲಿ ಹಾಕುವ ಕೆಲಸಕ್ಕೆ ಸೇರಿದ. ಕಡಲಿನಿಂದ ಅಷ್ಟು ಹತ್ತಿರದಲ್ಲಿ, ಕಡಲಿಗೆ ಬೆನ್ನು ಹಾಕಿ ಸಲಿಕೆ ಎತ್ತುತ್ತಿದ್ದ ಅವನನ್ನು ನೋಡಲಾಗದೆ ನಾನು ಅಂಗಡಿಗೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದೆ. ಹೆರಿಂಗ್ ಹಂಗಾಮು ಶುರುವಾಗುವುದರಲ್ಲಿತ್ತು. ಈ ಸಲ ಹತ್ತದಿದ್ದರೆ ಇನ್ನೆಂದೂ ಹತ್ತುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಹೋಗಿ ಒಬ್ಬೊಬ್ಬನ ಕೊರಳುಪಟ್ಟಿ ಹಿಡಿದು ಹೇಳು, ಮೈನು ಮೊದಲೇ ಇತ್ತು ಅಂತ” ಎಂದು ಒಂದು ಸಂಜೆ ಬೈದೆ.

“ಅವರದೇನೂ ತಪ್ಪಿಲ್ಲ. ಅವರ ಜಾಗದಲ್ಲಿದ್ರೆ ನಾನೂ ಹತ್ತುತ್ತಿರಲಿಲ್ಲ.”

“ನಿಂಗೆ ಬುದ್ಧಿ ಇದೆಯಾ?”

ಅವನು ತಟ್ಟೆಯಲ್ಲಿದ್ದ ಮೀನು ಆಲೂಗೆಡ್ಡೆಯನ್ನು ಸುಮ್ಮನೆ ಕಲಸುತ್ತಾ ಕೂತ. ಆಮೇಲೆ ಹೇಳಿದ: “ಮೊದಲು ನೋಡಿದ್ನಾ, ಮೊದಲು ಅಂದ್ನಾ, ಈಗ ನಂಗೇ ಗೊತ್ತಾಗ್ತಿಲ್ಲ ಎಲ್ಸಿ. ಎಷ್ಟು ಸಲ ನೆನಸ್ಕೊಂಡಿದೀನಿ ಅಂದ್ರೆ, ನೆನಪೇ ಸವೆದು ಹೋಗಿದೆ. ಸುಮ್ಮನೆ ಬಾಯಿ ತಪ್ಪಿ ಅಂದಿದ್ರೆ? ಅಂದ ಮೇಲೆ ಅದು ಬಂದಿದ್ರೆ?”

ಊರು ಅವನನ್ನು ನಂಬದಿದ್ದದ್ದು ನನಗೆ ಸಿಟ್ಟು ತರಿಸಿತ್ತು. ಅವನೇ ತನ್ನನ್ನು ನಂಬದಿದ್ದದ್ದು ನನ್ನನ್ನು ಅಳಿಸಿತು. ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತೆ.

ಹಂಗಾಮಿಗೆ ಮುಂಚಿನ ಶನಿವಾರ. ಎಬಿಯವರ ಹೊಸ ಹಡಗಿಗೆ ಬಲೆ ತುಂಬುತ್ತಿದ್ದರು. ಹೆಣೆದು ರಿಪೇರಿ ಮಾಡಿದ ಬಲೆಗಳನ್ನು ಗಾಡಿಯಲ್ಲಿ ಬಂದರಿಗೆ ತಂದವರು ನಾವು ಹೆಂಗಸರು. ಗಾಡಿಯ ಒಂದು ಬದಿ ನಾನು, ಇನ್ನೊಂದು ಬದಿ ಐಸಿ, ಮಧ್ಯೆ ಮಾತಿಲ್ಲ. ಶೇವಿ ಜಲ್ಲಿ ಕೆಲಸದಿಂದ ನೇರ ಬಂದು, ದೂರದಲ್ಲಿ ಮೀನು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದ. ಬರಬೇಡ ಎಂದಿದ್ದೆ. ಬಂದಿದ್ದ.

ಆಗ ಬಸ್ಸಿಳಿದು ಒಬ್ಬ ಕುಂಟುತ್ತಾ ಬಂದ. ಟೋಪಿ, ಕೋಟು, ಕೈಯಲ್ಲಿ ಕೇಕಿನ ಡಬ್ಬಿ, ಹಿಂದೆ ಹೊಸ ಬೂಟು ಕಚ್ಚಿ ಹೆಜ್ಜೆ ಎಳೆಯುತ್ತಿದ್ದ ಹೆಂಡತಿ.

“ಎಬಿ ಸ್ವಾಮಿ” ಎಂದು ಕೂಗಿದ. “ಗುರುತು ಸಿಕ್ಕಲಿಲ್ವಾ? ನಾನು ಟ್ರಾಮಿ.”

ಎಬಿ ಹಡಗಿನಿಂದಿಳಿದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡರು. ಹಳಬರೆಲ್ಲ ಸುತ್ತ ಸೇರಿದರು. ಕ್ಯಾಂಬೆಲ್ ಅವರ ಹೆಗಲ ಮೇಲಿಂದ ಯಾರನ್ನೋ ಹುಡುಕಿ, ಪೆಟ್ಟಿಗೆಯ ಮೇಲಿದ್ದವನನ್ನು ಕಂಡು ಅತ್ತಲೇ ನಡೆದ.

“ಮೇರಿ, ನೋಡು, ಇವನೇ. ನಾನು ದಿನಾ ಹೇಳ್ತೀನಲ್ಲ, ಅವನೇ. ನೀನು ವಿಧವೆ ಆಗದ ಹಾಗೆ ನೋಡ್ಕೊಂಡ ಮನುಷ್ಯ. ಹಂದಿ ಅಂತ ಒಂದು ಕೂಗು ಹಾಕ್ದ ನೋಡು…”

ಬಂದರಿನಲ್ಲಿದ್ದ ಕೈಗಳೆಲ್ಲ ಕಬ್ಬಿಣಕ್ಕೆ ಹಾರಿದವು. ಗಾಡಿಯ ಚಕ್ರದ ಪಟ್ಟಿಯನ್ನು ಮೂವರು ಹಿಡಿದರು. ಕ್ಯಾಂಬೆಲ್ ಸುತ್ತ ನೋಡಿದ.

“ಏನ್ ಗುರು ಇದು, ಇನ್ನೂ ಬಿಟ್ಟಿಲ್ವಾ? ಹಂದಿ ಅನ್ನದೆ ಏನನ್ಬೇಕಿತ್ತು? ಅವನು ಹಂದಿ ಅನ್ನದೆ ಇದ್ದಿದ್ರೆ ನಾವ್ಯಾರೂ ಇಲ್ಲಿ ನಿಂತಿರ್ತಿರಲಿಲ್ಲ.”

“ಮತ್ತೊಂದ್ಸಲ ಅನ್ಬೇಡ ಮಾರಾಯ” ಎಂದು ಅಡುಗೆಯವನು ನರಳಿದ. ಗಾಡಿ ಬಿಟ್ಟರೆ ಕಡಲಿಗೇ ಬೀಳುವವನ ಹಾಗೆ ಹಿಡಿದುಕೊಂಡಿದ್ದ.

ನಾನು ಮುಂದೆ ಹೋದೆ. “ಇವರಿಗೆ ಒಂದು ವಿಷಯ ಹೇಳಪ್ಪ” ಎಂದೆ. “ಮೊದಲು ಮಾತೋ, ಮೊದಲು ಮೈನೋ? ಇದ್ದದ್ದು ನೀವಿಬ್ಬರೇ.”

ಕ್ಯಾಂಬೆಲ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಬಿ ನಿಧಾನವಾಗಿ ಬಿಡಿಸಿ ಹೇಳಿದರು. ಅರ್ಥವಾದಾಗ ಅವನ ಮುಖದ ನಗು ಇಳಿಯಿತು. ಶೇವಿಯ ಜಲ್ಲಿಪುಡಿ ಮೆತ್ತಿದ ಬೂಟು ನೋಡಿದ, ಆಮೇಲೆ ಉಳಿದವರನ್ನು ನೋಡಿದ.

“ಅಲ್ಲಾ ಸ್ವಾಮಿ, ನನ್ನ ಕಣ್ಣು ತಂತಿ ಸುತ್ತೋ ಉರುಳೆ ಮೇಲಿತ್ತು. ಇವನು ಕೂಗಿದ್ದೇ ತಡ, ಕೈ ಬ್ರೇಕಿಗೆ ಹೋಯ್ತು, ತಲೆ ಎತ್ತಿದೆ. ಕೊಂಬು, ಪಾಚಿ ಎಲ್ಲಾ ಕಾಣೋ ಅಷ್ಟು ಹತ್ತಿರ ಇತ್ತು. ತಂತಿ ಅದಕ್ಕೆ ಸುತ್ತುಸುತ್ತಾಗಿ ಹೊಸೆದುಕೊಂಡಿತ್ತು. ಹೊಸೆದುಕೊಳ್ಳೋಕೆ ಎಷ್ಟು ಹೊತ್ತು ಬೇಕು ಅಂತ ಬಲೆ ಎಳೆಯೋ ನಿಮಗೆ ನಾನು ಹೇಳ್ಬೇಕಾ? ಮೈಲಿಗಟ್ಟಲೆ ಹಿಂದಿನಿಂದ ನಮ್ಮ ಜೊತೆಗೇ ಬರ್ತಿತ್ತು ಅದು. ಸ್ಯಾಂಡಿ ಅಂದಿದ್ರೆ ನಾನು ಹಲ್ಲು ಕಿರಿದು, ಯಾರು, ನಾನಾ ಅದಾ ಅಂತ ಕೇಳ್ತಿದ್ದೆ. ಅದೇ ನನ್ನ ಕೊನೇ ತಮಾಷೆ ಆಗ್ತಿತ್ತು. ಇವನ ಬಾಯಲ್ಲಿ ಆ ಮಾತು ಅಂದ್ರೆ ತಮಾಷೆ ಅಲ್ಲ ಅಂತ ನನ್ನಂಥ ಪೇಟೆಯವನಿಗೂ ಗೊತ್ತಾಯ್ತು.”

ಶೇವಿ ಎದ್ದು ನಿಂತಿದ್ದ. “ಮೊದಲೇ ಇತ್ತಾ?” ಎಂದ, ಮಗು ಕೇಳಿದ ಹಾಗೆ.

“ಇತ್ತು ಗುರು. ನೀನು ನೋಡಿದ್ದಕ್ಕೇ ಕೂಗಿದ್ದು.”

ನನ್ನ ಗಂಡ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಆ ಬಂದರಿನಲ್ಲಿ ನನ್ನಷ್ಟು ಹೆಮ್ಮೆಯ ಹೆಂಗಸು ಆಗ ಯಾರೂ ಇರಲಿಲ್ಲ, ಒಬ್ಬರೂ ಇರಲಿಲ್ಲ ಎಂದುಕೊಂಡೆ.

ಕ್ಯಾಂಬೆಲ್ ನಿಲ್ಲಿಸಲಿಲ್ಲ. ತನ್ನ ಕುಂಟುಗಾಲು ತಟ್ಟಿಕೊಂಡು, “ಈ ಕಾಲು ಸಿಡಿತಕ್ಕೆ ಮುರಿದದ್ದಲ್ಲ” ಎಂದ. “ಬ್ರೇಕು ಬಿಟ್ಟೆ, ತಂತಿ ಹರಿಯೋಕೆ ಶುರುವಾಯ್ತು, ಅಷ್ಟರಲ್ಲೇ ಹಡಗು ಮುಂದಕ್ಕೆ ಜಿಗೀತು. ನಾನು ವಿಂಚಿಗೆ ಬಡಿದು ಬಿದ್ದೆ. ಬಿದ್ದಾಗ ಮೈನು ದೂರ ದೂರ ಹೋಗ್ತಾ ಇದ್ದದ್ದು ಕಾಣಿಸ್ತು. ಆಮೇಲೆ ಸಿಡೀತು. ಸ್ಕಿಪ್ಪರ್ ಸ್ವಾಮಿ, ನೀವು ಅಷ್ಟು ಬೇಗ ಇಂಜಿನ್ ಕೋಣೆಗೆ ಪೂರ್ತಿ ವೇಗದ ಗಂಟೆ ಹೊಡೆದದ್ದೇ ನಮ್ಮ ಪುಣ್ಯ. ಮೆಲ್ಲಗೇ ಹೋಗ್ತಿದ್ದಿದ್ರೆ ನಮ್ಮ ಕಾಲಡಿಗೇ ಸಿಡೀತಿತ್ತು.”

ಎಬಿಯವರ ಕೈ ಹಡಗು ಕಟ್ಟುವ ಕಬ್ಬಿಣದ ಗೂಟದ ಮೇಲಿತ್ತು. ಅದನ್ನು ತೆಗೆದು ಜೇಬಿನೊಳಗಿಟ್ಟರು.

“ನಾನು ಗಂಟೆ ಹೊಡೀಲಿಲ್ಲ” ಎಂದರು.

“ಹೊಡೆದ್ರಿ ಸ್ವಾಮಿ. ಹದಿನೈದು ವರ್ಷ ಟ್ರಾಮ್ ಓಡಿಸಿದೀನಿ. ಯಾರೋ ಹಿಡಿಕೆ ಪೂರ್ತಿ ತಿರುಗಿಸಿದ ಎಳೆತ ಅದು.”

“ನನಗೆ ಹೊತ್ತೇ ಸಿಗಲಿಲ್ಲ ಕಣಪ್ಪ. ಮಾತು ಕೇಳಿ ಹಿಂದೆ ತಿರುಗಿದೆ, ಅಷ್ಟೇ. ಹಡಗು ಜಿಗಿದದ್ದು ಸಿಡಿತಕ್ಕೆ ಅಂದುಕೊಂಡಿದ್ದೆ. ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ.”

ಸಿಡಿತಕ್ಕೆ ಮೊದಲು ಹಡಗು ಜಿಗಿದದ್ದಾದರೆ, ಮೇಲಿನಿಂದ ಗಂಟೆ ಇಲ್ಲದೆ ಇಂಜಿನ್ ಪೂರ್ತಿ ತೆರೆದವನು ಕೆಳಗಿದ್ದವನೇ. ಹಡಗಿನಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಡಾಡ್ ಗಂಟೆ ಇಲ್ಲದೆ ಒಂದು ತಿರುಪೂ ತಿರುಗಿಸಿದವನಲ್ಲ. ಅವನಿಗೆ ಮೈನು ಕಾಣಿಸುವಂತೆಯೂ ಇರಲಿಲ್ಲ.

ಐಸಿ ಗಾಡಿ ಬಿಟ್ಟು ನೆಟ್ಟಗೆ ನನ್ನ ಗಂಡನ ಮುಂದೆ ಬಂದು ನಿಂತಳು. ಡಾಡ್ ಸತ್ತ ಮೇಲೆ ಅವಳು ಅವನನ್ನು ಕಣ್ಣೆತ್ತಿ ನೋಡಿದ್ದು ಅದೇ ಮೊದಲು.

“ಶೇವಿ” ಎಂದಳು. “ಇಂಜಿನ್ ಕೋಣೆ ಮೇಲಿನ ಗಾಜಿನ ಬಾಗಿಲು ತೆಗೆದಿತ್ತಾ?”

“ತೆಗೆದಿತ್ತು. ಸೆಕೆ ಅಂತ ಯಾವಾಗಲೂ ತೆಗೆದೇ ಇಡ್ತಿದ್ದ.”

“ಎಷ್ಟು ಜೋರಾಗಿ ಅಂದೆ?”

“ಜೋರಾಗೇ ಅಂದೆ ಐಸಿ.”

“ಎಷ್ಟು ಜೋರು ಅಂತ ಕೇಳಿದೆ. ಇಂಜಿನ್ ಸದ್ದು ನಂಗೆ ಗೊತ್ತು. ಅವನಿಗೆ ಊಟ ಕೊಡೋಕೆ ಹೋದಾಗ ಗಂಟಲು ಹರ್ಕೊಂಡಿದೀನಿ. ಅವತ್ತು ಕೂಗಿದ ಹಾಗೇ ಈಗ ಕೂಗು.”

ಶೇವಿ ನನ್ನ ಮುಖ ನೋಡಿದ. ಎಬಿಯವರ ಮುಖ ನೋಡಿದ. ಎದುರಿಗೆ ಕಡಲಿಗೆ ಸಜ್ಜಾದ ಹೊಸ ಹಡಗು ನಿಂತಿತ್ತು. ಹಂಗಾಮಿನ ಬಲೆ ಅರ್ಧ ಒಳಗೆ, ಅರ್ಧ ಹೊರಗೆ. ಅಲ್ಲಿ ಆ ಮಾತು ಅನ್ನುವುದೆಂದರೆ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

“ಕೂಗು ಶೇವಿ” ಎಂದರು ಎಬಿ.

ಕಾಲೂರಿ ನಿಂತು, ಎದೆಯ ತಳದಿಂದ ಕೂಗಿದ. “ಹಂದಿ. ಹಂದಿ ಬಿಡು.”

ಆ ಕೂಗು ಎದುರಿನ ಉಪ್ಪಿನ ಮಳಿಗೆಯ ಗೋಡೆಗೆ ಬಡಿದು ವಾಪಸು ಬಂತು. ಗಲ್ ಹಕ್ಕಿಗಳು ಮಾಡಿನಿಂದ ಎದ್ದವು. ಗುಡ್ಡದ ಮೇಲಿನ ಮನೆಗಳಲ್ಲಿ ಜನ ಕಿಟಕಿಗೆ ಬಂದರು. ಬಂದರಿನಲ್ಲಿದ್ದ ಗಂಡಸರಲ್ಲಿ ಒಬ್ಬನೂ ಕಬ್ಬಿಣ ಮುಟ್ಟಲಿಲ್ಲ. ಕೆಲವರ ಕೈ ಎದ್ದದ್ದು ನಾನು ನೋಡಿದೆ. ಎದ್ದ ಕೈಯಿಂದ ಟೋಪಿ ತೆಗೆದರು.

ಐಸಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

“ಕೇಳಿರತ್ತೆ” ಎಂದಳು. “ನೀನು ಹಾಗೆ ಅಂದ್ರೆ ಸಾವೇ ಬಂದಿರ್ಬೇಕು ಅಂತ ಅವನಿಗೆ ಗೊತ್ತು. ಬೇರೆ ಯಾರಂದಿದ್ರೂ ಕಬ್ಬಿಣ ಮುಟ್ಟಿ ಕೂರ್ತಿದ್ದ. ನೀನಂದೆ ಅಂತ ಇಂಜಿನ್ ಪೂರ್ತಿ ತೆರೆದ.” ಆಮೇಲೆ ತಿರುಗಿ, ಅಲ್ಲಿದ್ದ ಒಬ್ಬೊಬ್ಬರಿಗೂ ಕೇಳುವ ಹಾಗೆ ಹೇಳಿದಳು. “ನಿಮ್ಮನ್ನೆಲ್ಲ ಮನೆಗೆ ಕಳಿಸಿದ್ದು ಇವರಿಬ್ರು. ನನ್ನ ಗಂಡ ಮತ್ತೆ ಇವನು.”

ಈ ಹೆಮ್ಮೆಯಲ್ಲಿ ಅರ್ಧ ಅವಳದ್ದು ಎಂದು ನನಗೆ ಆಗ ತಿಳಿಯಿತು. ಅವಳ ಕೈ ಹಿಡಿದೆ. ಹಿಡಿಸಿಕೊಂಡಳು. ಇಬ್ಬರೂ ಗಾಡಿಯ ಹತ್ತಿರ ಹೋಗಿ ಉಳಿದ ಬಲೆಯ ಒಂದೊಂದು ತುದಿ ಎತ್ತಿದೆವು. ಅದನ್ನು ಹಡಗಿನೊಳಗೆ ತೆಗೆದುಕೊಳ್ಳಲು ಶೇವಿ ಆಗಲೇ ಹತ್ತಿ ನಿಂತಿದ್ದ.